ಮೂರನೇ ದಾಳಿಗೆ ಹೋಗುವ ಹುಡುಗಿಯ ಮನಸ್ಸನ್ನು ಅಣಿಗೊಳಿಸುವುದು ಹೇಗೆ

ಮುಂಬಯಿಯ ವಡಾಲದಲ್ಲಿ ನಾನು ಹನ್ನೊಂದು ವರ್ಷಗಳಿಂದ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಿದ್ದೇನೆ. ಈಗ ಹದಿಮೂರು ಜನರಿದ್ದಾರೆ. ಧಾರಾವಿಯಿಂದ ಬರುವ ನಾಲ್ವರ ಮನೆಮಾತು ಕಲಬುರಗಿ ಕಡೆಯ ಕನ್ನಡ, ಉಳಿದವರದು ಮರಾಠಿ. ಕನ್ನಡದವರು ನನ್ನನ್ನು ‘ಅಕ್ಕಾ’ ಎಂದು ಕರೆಯುತ್ತಾರೆ, ಮರಾಠಿಯವರು ‘ತಾಯಿ’ ಎಂದು. ಮರಾಠಿಯಲ್ಲಿ ಅದಕ್ಕೂ ಅಕ್ಕ ಎಂದೇ ಅರ್ಥ. ಮೊದಲ ಐದಾರು ವರ್ಷ ಇವರ ಕಾಲು, ಸೊಂಟ, ಉಸಿರು ಇಷ್ಟಕ್ಕೇ ತಾಲೀಮು ಕೊಟ್ಟೆ. ಧೈರ್ಯ ಎಂಬುದು ಹುಟ್ಟಿನಿಂದ ಇರಬೇಕು, ಇಲ್ಲವಾದರೆ ಬೈದು ಬರಿಸಬೇಕು ಎಂದು ನಂಬಿದ್ದೆ. ಅದು ತಪ್ಪು ಎಂದು ನನಗೆ ತಿಳಿಸಿದ್ದು ಹದಿನೈದು ವರ್ಷದ ಒಬ್ಬ ಹುಡುಗಿ.

ಲೋವರ್ ಪರೇಲಿನಲ್ಲಿ ಪಂದ್ಯ. ನಮ್ಮ ಎರಡು ದಾಳಿಗಳು ಅಂಕವಿಲ್ಲದೆ ಮರಳಿದ್ದವು. ಮೂರನೆಯದೂ ಹಾಗೆಯೇ ಮರಳಿದರೆ ದಾಳಿಗೆ ಹೋದವಳೇ ಔಟ್. ಇಲ್ಲಿನವರು ಇದಕ್ಕೆ ‘ತಿಸರಿ ಚಢಾಯಿ’ ಎನ್ನುತ್ತಾರೆ. ಅಭ್ಯಾಸದಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಆ ಹುಡುಗಿಯನ್ನು ಕಳಿಸಿ, ಅಂಚಿನಿಂದ “ಧೈರ್ಯ ಮಾಡು, ಕಾಲು ಚಾಚು” ಎಂದು ಗಂಟಲು ಹರಿಯುವಂತೆ ಕೂಗಿದೆ. ಅವಳು ಮಧ್ಯರೇಖೆ ದಾಟಿ ನಿಂತುಬಿಟ್ಟಳು. ‘ಕಬಡ್ಡಿ’ ಎಂಬ ಉಸಿರೇ ಹೊರಡಲಿಲ್ಲ. ಆಮೇಲೆ ಹೇಳಿದಳು: “ಅಕ್ಕಾ, ನೀವು ಕೂಗಿದ್ದು ಕೇಳಿಸಿತು. ಆಮೇಲೆ ಯಾವ ಕಾಲು ಮೊದಲು ಇಡಬೇಕು ಎಂದೇ ತಿಳಿಯಲಿಲ್ಲ.”

ಕ್ರೀಡಾ ಮನೋವಿಜ್ಞಾನ ಎಂಬ ಶಾಸ್ತ್ರವನ್ನು ನಾನು ಓದತೊಡಗಿದ್ದು ಆ ಮಾತಿನಿಂದ. ಇದು ಹೊಸ ವಿದ್ಯೆಯೇನಲ್ಲ. ಅಮೆರಿಕದ ನಾರ್ಮನ್ ಟ್ರಿಪ್ಲೆಟ್ 1898ರಲ್ಲಿಯೇ ಸೈಕಲ್ ಸ್ಪರ್ಧೆಗಳ ದಾಖಲೆಗಳನ್ನು ನೋಡಿ, ಜೊತೆಗೆ ಓಡಿಸುವವರಿದ್ದರೆ ಸವಾರನ ವೇಗ ಹೆಚ್ಚುತ್ತದೆ ಎಂದು ಬರೆದಿದ್ದರು. ಬಳಿಕ ನಲವತ್ತು ಮಕ್ಕಳ ಕೈಗೆ ಮೀನಿನ ಗಾಳದ ರಾಟೆ ಕೊಟ್ಟು, ಒಬ್ಬೊಬ್ಬರಾಗಿಯೂ ಜೋಡಿಯಾಗಿಯೂ ಸುತ್ತಿಸಿದರು. ಪಕ್ಕದಲ್ಲಿ ಪೈಪೋಟಿ ಇದ್ದಾಗ ಇಪ್ಪತ್ತು ಮಕ್ಕಳು ವೇಗವಾದರು, ಹತ್ತು ಮಕ್ಕಳಿಗೆ ವ್ಯತ್ಯಾಸವಾಗಲಿಲ್ಲ, ಇನ್ನು ಹತ್ತು ಮಕ್ಕಳು ಉದ್ವೇಗ ಮಿತಿಮೀರಿ ಕೈ ತಡವರಿಸಿದರು. ಈ ಕೊನೆಯ ಹತ್ತು ಮಕ್ಕಳ ವಿಷಯ ಓದಿದಾಗ ನನಗೆ ಆ ಹುಡುಗಿಯ ಮುಖವೇ ಕಂಡಿತು.

ಹೀಗೇಕೆ ಆಗುತ್ತದೆ? 1969ರಲ್ಲಿ ಮನೋವಿಜ್ಞಾನಿ ರಾಬರ್ಟ್ ಜಾಯಂಟ್ಸ್ ಮತ್ತು ಸಂಗಡಿಗರು ಜಿರಳೆಗಳನ್ನು ಓಡಿಸಿ ನೋಡಿದರು. ಬೇರೆ ಜಿರಳೆಗಳು ನೋಡುತ್ತಿದ್ದಾಗ ನೇರ ದಾರಿಯಲ್ಲಿ ಅವು ಬೇಗ ಓಡಿದವು, ತಿರುವುಗಳಿದ್ದ ದಾರಿಯಲ್ಲಿ ನಿಧಾನವಾದವು. ಸುತ್ತಲಿನ ನೋಟ, ಚೆನ್ನಾಗಿ ಬರುವುದನ್ನು ಇನ್ನಷ್ಟು ಚೆನ್ನಾಗಿಸುತ್ತದೆ, ಅರೆಬರೆ ಬರುವುದನ್ನು ಕೆಡಿಸುತ್ತದೆ ಎಂಬುದು ಅವರ ವಿವರಣೆ. ಆದ್ದರಿಂದ ನೀವೂ ತರಬೇತುದಾರರಾಗಿದ್ದರೆ ಮೊದಲು ಇದನ್ನು ಮಾಡಿ: ಪಂದ್ಯಕ್ಕೆ ಮೂರು ವಾರ ಉಳಿದಿರುವಾಗ ಹೊಸ ಪಟ್ಟು ಕಲಿಸುವುದನ್ನು ನಿಲ್ಲಿಸಿ. ಒಬ್ಬೊಬ್ಬ ದಾಳಿಗಾರ್ತಿಗೆ ನಿದ್ದೆಯಲ್ಲೂ ಬರುವಂಥ ಎರಡೇ ಚಲನೆಗಳನ್ನು ಆರಿಸಿ, ಅವನ್ನೇ ಮಾಡಿಸಿ. ಆ ಹುಡುಗಿಗೆ ಅವು ಬೋನಸ್ ಗೆರೆ ದಾಟಿ ತಿರುಗುವುದು ಮತ್ತು ಎಡಮೂಲೆಯವಳನ್ನು ಕಾಲ್ಬೆರಳಿನಿಂದ ತಾಗಿಸುವುದು.

ಆ ಬಳಿಕ ಗದ್ದಲವನ್ನು ಅಭ್ಯಾಸದೊಳಕ್ಕೇ ಕರೆತನ್ನಿ, ಆದರೆ ಸ್ವಲ್ಪ ಸ್ವಲ್ಪವಾಗಿ. ಮೊದಲ ದಿನ ಇಬ್ಬರು ನೋಡುಗರು ಸಾಕು. ಮುಂದಿನ ವಾರ ಅಕ್ಕಪಕ್ಕದ ಹುಡುಗರು. ಗಣೇಶೋತ್ಸವದ ಮುಂಚೆ ನಮ್ಮ ಮೈದಾನದ ಪಕ್ಕದಲ್ಲಿ ಢೋಲಿನ ತಾಲೀಮು ನಡೆಯುತ್ತದೆ. ಮೊದಲೆಲ್ಲ ಆ ಹೊತ್ತಿಗೆ ಆಟ ನಿಲ್ಲಿಸುತ್ತಿದ್ದೆ, ಈಗ ಅದೇ ಹೊತ್ತಿಗೆ “ಎರಡು ನಿಮಿಷ ಉಳಿದಿದೆ, ನಾಲ್ಕು ಅಂಕ ಹಿಂದಿದ್ದೇವೆ, ಇದು ಮೂರನೇ ದಾಳಿ” ಎಂದು ಹೇಳಿ ಒಬ್ಬೊಬ್ಬಳನ್ನೇ ಕಳಿಸುತ್ತೇನೆ.

ಇನ್ನು ದಾಳಿಗೆ ಮುಂಚಿನ ಆ ಕೆಲವು ಕ್ಷಣಗಳು. ನನಗೆ ಅತ್ಯಂತ ಮುಖ್ಯವೆನಿಸುವುದು ಇದೇ. ಒತ್ತಡ ಹೆಚ್ಚಿದಾಗ ಆಟಗಾರ್ತಿಯ ಗಮನ ಎದುರಾಳಿಯಿಂದ ಕಳಚಿ ತನ್ನ ಮೈಮೇಲೆಯೇ ಬೀಳುತ್ತದೆ. ತಾನಾಗಿ ನಡೆಯುತ್ತಿದ್ದ ಕಾಲನ್ನು ಯೋಚಿಸಿ ನಡೆಸಲು ಹೋಗುತ್ತಾಳೆ, ಅಲ್ಲಿ ಕಾಲು ತಪ್ಪುತ್ತದೆ. ನನ್ನ “ಕಾಲು ಚಾಚು” ಎಂಬ ಕೂಗು ಅವಳಿಗೆ ಮಾಡಿದ್ದು ಅದನ್ನೇ. ಹಾಗಾಗಿ ಗಮನಕ್ಕೆ ಹೊರಗೆ ಒಂದು ನೆಲೆ ಕೊಡಿ. ನಮ್ಮ ಹುಡುಗಿಯರು ಅಂಗೈಯನ್ನು ನೆಲಕ್ಕೆ ಒರೆಸುತ್ತಾರೆ, ಉಸಿರನ್ನು ನಿಧಾನವಾಗಿ ಪೂರ್ತಿ ಹೊರಗೆ ಬಿಟ್ಟು ಮತ್ತೆ ತುಂಬಿಕೊಳ್ಳುತ್ತಾರೆ, ಮೂಲೆಯವಳ ಪಾದದ ಮೇಲೆ ಕಣ್ಣಿಟ್ಟು ಒಂದು ಪದ ಹೇಳಿಕೊಳ್ಳುತ್ತಾರೆ. ಈ ಕ್ರಮ ಅಭ್ಯಾಸದ ಪ್ರತಿ ದಾಳಿಯಲ್ಲೂ ಇರಬೇಕು, ಪಂದ್ಯದ ದಿನಕ್ಕೆಂದು ಎತ್ತಿಟ್ಟರೆ ಉಪಯೋಗವಿಲ್ಲ. ಪದವನ್ನು ಹುಡುಗಿಯೇ ಆರಿಸಬೇಕು. ಡೆಸಿ ಮತ್ತು ರಯಾನ್ ಎಂಬ ಮನೋವಿಜ್ಞಾನಿಗಳ ಪ್ರಕಾರ, ಆಟದಲ್ಲಿ ಒಳಗಿನ ಆಸೆ ಉಳಿಯಬೇಕಾದರೆ ಇದು ನನ್ನ ಆಯ್ಕೆ, ಇದು ನನಗೆ ಬರುತ್ತದೆ, ಇವರು ನನ್ನವರು ಎಂಬ ಮೂರು ಭಾವಗಳು ಬೇಕು. ಮನೆಯಲ್ಲಿ, ಶಾಲೆಯಲ್ಲಿ ಯಾವುದನ್ನೂ ತಾನೇ ಆರಿಸಿಕೊಳ್ಳಲಾಗದ ಮಗುವಿಗೆ ಒಂದು ಪದದ ಆಯ್ಕೆಯೂ ದೊಡ್ಡದು. ಆ ಹುಡುಗಿ ಆರಿಸಿದ್ದು “ಪಾದ”.

ಕಣ್ಣು ಮುಚ್ಚಿ ಆಡುವುದನ್ನೂ ಕಲಿಸಿ. ಒಂದು ದಾಳಿಗೆ ಮೂವತ್ತು ಸೆಕೆಂಡು. ಮನಸ್ಸಿನಲ್ಲೂ ಅಷ್ಟೇ ಹೊತ್ತು ನಡೆಯಲಿ, ಪ್ರೇಕ್ಷಕರ ಕಣ್ಣಿನಿಂದಲ್ಲ, ತನ್ನದೇ ಕಣ್ಣಿನಿಂದ ಕಾಣಲಿ. ಅಂಗಾಲಿನ ಕೆಳಗಿನ ಮಣ್ಣು, ಮೂಗಿಗೆ ಬಡಿಯುವ ಬೆವರು ಎಲ್ಲವೂ ಅದರಲ್ಲಿರಲಿ. ಬರೀ ಗೆಲುವನ್ನು ಕಾಣಿಸಬೇಡಿ. ಕಾಲಿನ ಹರಡು ಎದುರಾಳಿಯ ಹಿಡಿತಕ್ಕೆ ಸಿಕ್ಕಿಬಿದ್ದಾಗ ಮೈ ಚಾಚಿ ಮಧ್ಯರೇಖೆಗೆ ಕೈ ತಾಗಿಸುವುದನ್ನೂ ಕಾಣಿಸಿ. ನಮ್ಮವರು ಇದನ್ನು ಪಂದ್ಯಕ್ಕೆ ಹೋಗುವಾಗ ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ, ಕೂರಲು ಜಾಗ ಸಿಕ್ಕಾಗ ಮಾಡುತ್ತಾರೆ.

“ಹೆದರಬೇಡ” ಎನ್ನಬೇಡಿ. ಎದೆ ಬಡಿದುಕೊಳ್ಳುತ್ತಿರುವಾಗ ಅದನ್ನು ಒಮ್ಮೆಗೇ ಇಳಿಸುವುದು ಯಾರಿಗೂ ಸುಲಭವಲ್ಲ. “ಮೈ ಆಟಕ್ಕೆ ಸಿದ್ಧವಾಗುತ್ತಿದೆ, ಇದು ಹುರುಪು” ಎಂದು ಹೆಸರಿಡಲು ಕಲಿಸಿ. ಶಾಂತವಾಗಲು ಹೆಣಗಿದವರಿಗಿಂತ ಹುರುಪು ಎಂದು ಹೇಳಿಕೊಂಡವರು ಹಾಡು, ಭಾಷಣ, ಗಣಿತದ ಪರೀಕ್ಷೆಗಳಲ್ಲಿ ಮೇಲುಗೈ ಪಡೆದದ್ದು 2014ರ ಒಂದು ಅಧ್ಯಯನದಲ್ಲಿ ಕಂಡುಬಂದಿದೆ. ನನ್ನ ಹುಡುಗಿಯರಿಗೂ ಇದು ಒಗ್ಗಿದೆ.

ಆತ್ಮವಿಶ್ವಾಸಕ್ಕೆ ಹೊಗಳಿಕೆಯೊಂದೇ ಸಾಲದು. ಆಲ್ಬರ್ಟ್ ಬಂಡೂರಾ 1977ರಲ್ಲಿ ಅದರ ನಾಲ್ಕು ಮೂಲಗಳನ್ನು ಹೇಳಿದರು: ತಾನೇ ಮಾಡಿ ಗೆದ್ದದ್ದು, ತನ್ನಂಥವರು ಮಾಡುವುದನ್ನು ಕಂಡದ್ದು, ಇತರರ ಮಾತು, ಮೈಯ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಹೆಚ್ಚು ಬಲವಾದದ್ದು. ಅದಕ್ಕಾಗಿ ಪ್ರತಿಯೊಬ್ಬಳಿಗೂ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟಿದ್ದೇನೆ. ಅಭ್ಯಾಸ ಮುಗಿದ ಮೇಲೆ ಒಂದೇ ಸಾಲು, ಅಂದು ತಾನು ಮಾಡಿದ್ದು. ಪಂದ್ಯದ ಹಿಂದಿನ ರಾತ್ರಿ ಅದನ್ನು ಓದಿಕೊಂಡು ಮಲಗುತ್ತಾರೆ. ಪಾಲಕರಿಗೂ ಒಂದು ಕೋರಿಕೆ: ಮಗಳು ಮನೆಗೆ ಬಂದಾಗ “ಗೆದ್ದೆಯಾ?” ಎನ್ನುವ ಮೊದಲು “ಊಟ ಮಾಡು” ಎನ್ನಿ, ಆಮೇಲೆ “ಇವತ್ತು ಏನು ಬರೆದೆ?” ಎಂದು ಕೇಳಿ.

ಇಷ್ಟು ನಮ್ಮ ಕೈಯಲ್ಲಿರುವುದು. ನಿದ್ದೆ, ಊಟ ವಾರಗಟ್ಟಲೆ ಕೆಟ್ಟರೆ, ಮಗು ಮಂಕಾಗಿ ಯಾರೊಡನೆಯೂ ಬೆರೆಯದಿದ್ದರೆ ಅದು ನಮ್ಮ ವಿದ್ಯೆಗೆ ಮೀರಿದ ವಿಷಯ. ತಡಮಾಡದೆ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.

ಪಂದ್ಯದ ದಿನ ನಾನು ಅಂಚಿನಲ್ಲಿ ಕೂರುತ್ತೇನೆ. ಮೂರನೇ ದಾಳಿ ಬಂದಾಗ ಹೋಗುವವಳು ನನ್ನತ್ತ ತಿರುಗಿದರೆ ಅವಳ ಪದವನ್ನು ಮಾತ್ರ ಮೆಲ್ಲಗೆ ಹೇಳುತ್ತೇನೆ. ಕೂಗುವ ಅಪ್ಪಂದಿರಿಗೆ ನೀರಿನ ಬಾಟಲಿಗಳನ್ನು ತುಂಬಿಸಿ ತರುವ ಕೆಲಸ ಕೊಡುತ್ತೇನೆ, ನಲ್ಲಿ ಮೈದಾನದ ಆ ತುದಿಯಲ್ಲಿದೆ.