ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ಖಾತೆ, ವೈ-ಫೈ ಮತ್ತು ಪ್ರಯೋಗಾಲಯ: ಹೊಸದಾಗಿ ಬಂದ ಕನ್ನಡಿಗ ವಿದ್ಯಾರ್ಥಿಗಳಿಗೆ

ಉನ್ನತ ವ್ಯಾಸಂಗಕ್ಕೆಂದು ಜರ್ಮನಿಗೆ ಬಂದಿಳಿಯುವ ನಮ್ಮ ವಿದ್ಯಾರ್ಥಿಗಳು ವಿಳಾಸದ ನೋಂದಣಿ, ಬ್ಯಾಂಕ್ ಖಾತೆ, ಆರೋಗ್ಯ ವಿಮೆ ಇವುಗಳನ್ನು ಮರೆಯುವುದಿಲ್ಲ. ವಿಶ್ವವಿದ್ಯಾಲಯದ ಕಂಪ್ಯೂಟರ್ ಖಾತೆಯನ್ನು ಮಾತ್ರ ತರಗತಿಗಳು ಆರಂಭವಾದ ಮೇಲೆ ನೋಡಿಕೊಂಡರಾಯಿತು ಎಂದು ಮುಂದೂಡುತ್ತಾರೆ. ಹಾಗೆ ಮಾಡಬಾರದು. ಪರೀಕ್ಷೆಗೆ ಹೆಸರು ಕೊಡುವುದು, ಪಾಠದ ಟಿಪ್ಪಣಿ, ವೈ-ಫೈ, ಮುದ್ರಣ, ಗ್ರಂಥಾಲಯದ ಇ-ಪುಸ್ತಕ, ಕಂಪ್ಯೂಟರ್ ಕೊಠಡಿ ಇವೆಲ್ಲಕ್ಕೂ ಇಲ್ಲಿ ಸಾಮಾನ್ಯವಾಗಿ ಆ ಒಂದು ಖಾತೆಯೇ ಕೀಲಿಕೈ. ಆ ಖಾತೆಯಾದರೋ ‘ಇಮ್ಮಾಟ್ರಿಕುಲಾತ್ಸಿಯೋನ್’ ಎಂದು ಕರೆಯುವ ನಿಮ್ಮ ದಾಖಲಾತಿಯೊಂದಿಗೆ ಹುಟ್ಟಿ, ಅದರೊಂದಿಗೇ ಮುಗಿಯುವಂಥದ್ದು.

ದಾಖಲಾತಿ ಪೂರ್ಣಗೊಂಡ ಬಳಿಕ ಖಾತೆಯನ್ನು ಸಕ್ರಿಯಗೊಳಿಸುವ ಸಂಕೇತವು ಇಮೇಲ್ ಮೂಲಕವೋ ಅಂಚೆಯ ಮೂಲಕವೋ ಬರುತ್ತದೆ. ಅಂಚೆಯಲ್ಲಿ ಬರುವುದಾದರೆ ನಿಮ್ಮ ಹೆಸರು ಅಂಚೆಪೆಟ್ಟಿಗೆಯ ಮೇಲೆ ಅಂಟಿಸಿರಲೇಬೇಕು, ಇಲ್ಲದಿದ್ದರೆ ಪತ್ರ ಹಿಂದಕ್ಕೆ ಹೋಗುವ ಸಂಭವವೇ ಹೆಚ್ಚು. ಖಾತೆಯನ್ನು ಉಳಿಸಿಕೊಳ್ಳಲು ಪ್ರತಿ ಸೆಮಿಸ್ಟರಿನ ಶುಲ್ಕವನ್ನು ಗಡುವಿನೊಳಗೆ ಕಟ್ಟಿ ಮರುನೋಂದಣಿ ಮಾಡಿಕೊಳ್ಳಬೇಕು. ಇದನ್ನು ‘ರ್ಯುಕ್‌ಮೆಲ್ಡುಂಗ್’ ಎನ್ನುತ್ತಾರೆ. ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಂದು, ಬೇಸಿಗೆಯದು ಏಪ್ರಿಲ್ 1ರಂದು ಆರಂಭವಾಗುತ್ತದೆಯಾದರೂ ಶುಲ್ಕದ ಗಡುವು ಅದಕ್ಕಿಂತ ಬಹಳ ಮೊದಲೇ ಮುಗಿದಿರುತ್ತದೆ.

ಕ್ಯಾಂಪಸ್ಸಿನ ವೈ-ಫೈಗೆ ಬಹುತೇಕ ಎಲ್ಲ ಕಡೆಯೂ ‘ಎಡುರೋಮ್’ ಎಂಬ ಒಂದೇ ಹೆಸರಿದೆ. 2002ರಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಮೊಳೆತ ಈ ವ್ಯವಸ್ಥೆಯನ್ನು ಜರ್ಮನಿಯಲ್ಲಿ ಡಿಎಫ್ಎನ್ ಎಂಬ ಸಂಘ ನೋಡಿಕೊಳ್ಳುತ್ತದೆ. 1984ರಲ್ಲಿ ಸ್ಥಾಪನೆಯಾದ ಈ ಸಂಘವೇ ದೇಶದ ವಿಶ್ವವಿದ್ಯಾಲಯಗಳನ್ನೂ ಸಂಶೋಧನಾ ಸಂಸ್ಥೆಗಳನ್ನೂ ಬೆಸೆಯುವ ಎಕ್ಸ್-ವಿನ್ ಜಾಲವನ್ನು ನಡೆಸುತ್ತಿದೆ. ನೀವು ಆಖೆನ್‌ನ ವಿದ್ಯಾರ್ಥಿಯಾಗಿದ್ದು ಮ್ಯೂನಿಕ್‌ನ ಗ್ರಂಥಾಲಯದಲ್ಲಿ ಕುಳಿತಿದ್ದರೂ, ಅಲ್ಲಿನ ಜಾಲವು ನಿಮ್ಮ ಗುರುತನ್ನು ಆಖೆನ್‌ನ ಸರ್ವರಿನಿಂದ ಕೇಳಿ ತಿಳಿದುಕೊಂಡು ಸಂಪರ್ಕ ಕೊಡುತ್ತದೆ. ಭಾರತದಲ್ಲಿಯೂ ಅರ್ನೆಟ್ ಎಂಬ ಶಿಕ್ಷಣ-ಸಂಶೋಧನಾ ಜಾಲದ ಮೂಲಕ ಹಲವು ಸಂಸ್ಥೆಗಳು ಇದರಲ್ಲಿ ಸೇರಿಕೊಂಡಿವೆ.

ಇದನ್ನು ಅಳವಡಿಸಿಕೊಳ್ಳುವ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕಾಗಿದೆ. ಫೋನಿನ ವೈ-ಫೈ ಪಟ್ಟಿಯಲ್ಲಿ ಎಡುರೋಮ್ ಕಂಡೊಡನೆ ಹೆಸರು, ಪಾಸ್‌ವರ್ಡ್ ಟೈಪಿಸಿ, ಜಾಲವು ಅಸಲಿಯೆಂದು ತೋರಿಸುವ ಡಿಜಿಟಲ್ ಪ್ರಮಾಣಪತ್ರದ ಪರಿಶೀಲನೆ ಬೇಡವೆಂದು ಆರಿಸಿಕೊಂಡರೆ ಸಂಪರ್ಕವೇನೋ ಸಿಗಬಹುದು. ಆದರೆ ಅದೇ ಹೆಸರಿನ ನಕಲಿ ವೈ-ಫೈಯನ್ನು ಯಾರಾದರೂ ಹತ್ತಿರದಲ್ಲಿ ಇಟ್ಟರೆ ನಿಮ್ಮ ಸಾಧನವು ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯಲಾರದೆ ಪಾಸ್‌ವರ್ಡನ್ನು ಅದಕ್ಕೇ ಒಪ್ಪಿಸಿಬಿಡುವ ಅಪಾಯವಿದೆ. ಆ ಪಾಸ್‌ವರ್ಡ್ ಇಮೇಲ್ ಮತ್ತು ಪರೀಕ್ಷಾ ನೋಂದಣಿಗೂ ಒಂದೇ ಆಗಿದ್ದರೆ ನಷ್ಟ ವೈ-ಫೈಗೆ ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ನಿಮ್ಮ ಸಂಸ್ಥೆ ಸೂಚಿಸುವ ‘ಕ್ಯಾಟ್’, ‘ಗೆಟ್‌ಎಡುರೋಮ್’ ಅಥವಾ ‘ಈಸಿರೋಮ್’ ಎಂಬ ಅಳವಡಿಕೆ ತಂತ್ರಾಂಶದ ಮೂಲಕವೇ ಅಳವಡಿಸಿಕೊಳ್ಳಿರಿ. ಡಿಎಫ್ಎನ್ ಒದಗಿಸುವ ಈಸಿರೋಮ್ ಪ್ರತಿ ಸಾಧನಕ್ಕೂ ಪ್ರತ್ಯೇಕ ಪ್ರಮಾಣಪತ್ರ ಕೊಡುವುದರಿಂದ ವೈ-ಫೈಗೆ ಪಾಸ್‌ವರ್ಡನ್ನು ಕೊಡುವ ಪ್ರಸಂಗವೇ ಇರುವುದಿಲ್ಲ. ಕ್ಯಾಂಪಸ್ ತಲುಪುವ ಮೊದಲೇ, ಮನೆಯಲ್ಲಿಯೇ ಇದನ್ನು ಮುಗಿಸಿಕೊಂಡರೆ ಒಳ್ಳೆಯದು.

ಸ್ವಂತ ಲ್ಯಾಪ್‌ಟಾಪ್ ಇರುವವರಿಗೂ ಕಂಪ್ಯೂಟರ್ ಕೊಠಡಿ ಬೇಕಾಗುತ್ತದೆ. ಅನೇಕ ಕಡೆ ಇದನ್ನು ‘ಸಿಪ್ ಪೂಲ್’ ಎನ್ನುತ್ತಾರೆ. 1980ರ ದಶಕದ ಕಂಪ್ಯೂಟರ್ ಹೂಡಿಕೆ ಯೋಜನೆಯ ಹೆಸರಿನ ಸಂಕ್ಷಿಪ್ತ ರೂಪವು ಯೋಜನೆ ಹೋದರೂ ಕೊಠಡಿಗಳಿಗೆ ಅಂಟಿಕೊಂಡು ಉಳಿದಿದೆ. ಗಣಕ ವಿಜ್ಞಾನ ವಿಭಾಗದ ಕೊಠಡಿಗಳಲ್ಲಿ ಲಿನಕ್ಸ್ ಕಾರ್ಯವ್ಯವಸ್ಥೆ ಸಾಮಾನ್ಯ, ಮತ್ತು ಮನೆಯಿಂದಲೇ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ದೂರಸಂಪರ್ಕದ ಮೂಲಕ ಆ ಯಂತ್ರಗಳನ್ನು ಬಳಸಲು ಹಲವೆಡೆ ಅವಕಾಶವಿದೆ. ಮೊದಲ ದಿನ ತೊಡಕಾಗುವುದು ಕೀಲಿಮಣೆ: ಇಲ್ಲಿ ವೈ ಮತ್ತು ಝಡ್ ಅಕ್ಷರಗಳು ಅದಲುಬದಲಾಗಿವೆ, ಇಮೇಲ್ ವಿಳಾಸದ ‘ಅಟ್’ ಚಿಹ್ನೆಗೆ ಬಲಗಡೆಯ ಆಲ್ಟ್ ಜಿಆರ್ ಕೀಲಿಯೊಡನೆ ಕ್ಯೂ ಒತ್ತಬೇಕು. ಪಾಸ್‌ವರ್ಡಿನಲ್ಲಿ ಈ ಅಕ್ಷರಗಳಿದ್ದರೆ ತಪ್ಪು ಕಣ್ಣಿಗೆ ಕಾಣದು, ಪದೇ ಪದೇ ಪ್ರಯತ್ನಿಸಿದರೆ ಖಾತೆ ತಾತ್ಕಾಲಿಕವಾಗಿ ಮುಚ್ಚಿಹೋಗಬಹುದು. ಮೊದಲು ಹೆಸರಿನ ಜಾಗದಲ್ಲಿ ಪಾಸ್‌ವರ್ಡಿನ ಒಂದೆರಡು ಸಂದೇಹದ ಅಕ್ಷರಗಳನ್ನು ಒತ್ತಿ ನೋಡಿ, ಅಳಿಸಿ, ಆಮೇಲೆ ಮುಂದುವರಿಯಿರಿ. ರಾತ್ರಿಯೂ ಕುಳಿತು ಓದುವವರಿಗೆ ಕಾರ್ಲ್ಸ್‌ರೂಹೆಯ ತಾಂತ್ರಿಕ ಸಂಸ್ಥೆಯಾದ ಕೆಐಟಿಯ ಗ್ರಂಥಾಲಯದಂತೆ 24 ಗಂಟೆ ತೆರೆದಿರುವ ತಾಣಗಳೂ ಉಂಟು.

ಮನೆಯಿಂದ ಸಂಶೋಧನಾ ಲೇಖನಗಳನ್ನು ಓದಲು ಹೊರಗಿನಿಂದಲೂ ಕ್ಯಾಂಪಸ್ಸಿನ ಜಾಲಕ್ಕೆ ಸೇರಿಸುವ ವಿಶ್ವವಿದ್ಯಾಲಯದ ವಿಪಿಎನ್ ಬಳಸಬೇಕು, ಅಥವಾ ಪ್ರಕಾಶಕರ ಪುಟದಲ್ಲಿ ನಿಮ್ಮ ಸಂಸ್ಥೆಯನ್ನು ಆರಿಸಿ ಇದೇ ಖಾತೆಯಿಂದ ಒಳಹೊಗಬೇಕು. ಹಣ ಕೊಟ್ಟು ಲೇಖನ ಕೊಳ್ಳುವ ಮುನ್ನ ಇದನ್ನು ತಪ್ಪದೆ ಪ್ರಯತ್ನಿಸಿರಿ.

ವಿದ್ಯಾರ್ಥಿನಿಲಯಗಳ ಅಂತರಜಾಲ ಊರಿಂದೂರಿಗೆ ಬೇರೆ ಬೇರೆ. ಡ್ರೆಸ್ಡೆನ್‌ನಲ್ಲಿ ವಿದ್ಯಾರ್ಥಿಗಳ ಸಂಘವೊಂದು ತಾನೇ ಜಾಲವನ್ನು ನಡೆಸುತ್ತಿರುವುದು ಮೆಚ್ಚತಕ್ಕ ಸಂಗತಿ, ಅಲ್ಲಿ ಸೇವೆ ಸಲ್ಲಿಸಿ ಕಲಿಯಲು ಅವಕಾಶವೂ ಇದೆ. ಎಲ್ಲಿಯೇ ಇರಲಿ, ಟೊರೆಂಟ್ ಮೂಲಕ ಚಲನಚಿತ್ರ ಇಳಿಸಿಕೊಳ್ಳುವ ಅಭ್ಯಾಸವನ್ನು ವಿಮಾನ ಹತ್ತುವ ಮೊದಲೇ ಬಿಟ್ಟುಬರಬೇಕು. ಟೊರೆಂಟ್‌ನಲ್ಲಿ ಇಳಿಸಿಕೊಳ್ಳುವವನು ಅದೇ ಹೊತ್ತಿಗೆ ಇತರರಿಗೂ ಹಂಚುತ್ತಿರುತ್ತಾನೆ. ಹಕ್ಕುದಾರರ ವಕೀಲರು ಐಪಿ ವಿಳಾಸವನ್ನು ಗುರುತಿಸಿ ‘ಆಬ್‌ಮಾನುಂಗ್’ ಎಂಬ ನೋಟಿಸು ಕಳುಹಿಸಿ ನೂರಾರು ಯೂರೋ ಕೇಳುತ್ತಾರೆ. ಅಂಥ ಪತ್ರ ಬಂದರೆ ಹೆದರಿ ಸಹಿ ಹಾಕಬೇಡಿ, ಗಡುವು ಮೀರಲೂ ಬಿಡಬೇಡಿ. ವಿದ್ಯಾರ್ಥಿಗಳಿಗಾಗಿ ಇರುವ ಕಾನೂನು ಸಲಹೆಯನ್ನು ಕೂಡಲೇ ಕೇಳಿ.

ವ್ಯಾಸಂಗ ಮುಗಿದು ಹೆಸರು ತೆಗೆದಾಗ, ಅಂದರೆ ‘ಎಕ್ಸ್‌ಮಾಟ್ರಿಕುಲಾತ್ಸಿಯೋನ್’ ಆದಾಗ, ಖಾತೆಯೂ ಕೆಲವು ಕಾಲದ ನಂತರ ಮುಚ್ಚುತ್ತದೆ. ಆ ಅವಧಿ ಸಂಸ್ಥೆಗೊಂದು ಬಗೆ. ನಾರ್ಥ್ ರೈನ್-ವೆಸ್ಟ್‌ಫಾಲಿಯಾದ ‘ಸಿಯೆಬೊ’ದಂಥ ಆನ್‌ಲೈನ್ ಕಡತ ಸಂಗ್ರಹದಲ್ಲಿಟ್ಟ ಪ್ರಬಂಧ, ಅಂಕಪಟ್ಟಿ, ಪ್ರತಿ ಸೆಮಿಸ್ಟರಿನ ದಾಖಲಾತಿ ಪತ್ರ, ಪಿಂಚಣಿ ವಿಮೆಗೆ ಬೇಕಾಗುವ ಪ್ರಮಾಣಪತ್ರ ಇವುಗಳನ್ನು ಅದಕ್ಕೆ ಮೊದಲೇ ಇಳಿಸಿಕೊಂಡು, ಬ್ಯಾಂಕು ಮತ್ತು ವೀಸಾ ಕಚೇರಿಗೆ ಕೊಟ್ಟಿರುವ ಇಮೇಲ್ ವಿಳಾಸವನ್ನೂ ಬದಲಿಸಿರಿ.