ಐದು ಹಾಡು, ಕಂಪನಿ ಇಲ್ಲದೆ: ನನ್ನ ಅನುಭವ

ನಾನೇ ಹಾಡು ಬರೆಯುತ್ತೇನೆ, ರಾಗ ಹಾಕುತ್ತೇನೆ, ಗಿಟಾರ್ ಹಿಡಿದು ಹಾಡುತ್ತೇನೆ. ಹಿಂದೆ ಆಡಿಯೋ ಕಂಪನಿ ಇಲ್ಲ, ಸಿನಿಮಾ ಇಲ್ಲ. ಕಳೆದ ವರ್ಷ ಐದು ಕನ್ನಡ ಹಾಡುಗಳನ್ನು ಬೆಂಗಳೂರಿನ ಗಿರಿನಗರದ ಬಾಡಿಗೆ ಮನೆಯಿಂದಲೇ ಹೊರಗೆ ತಂದೆ. ಹೊಸದಾಗಿ ಹಾಡು ಕಟ್ಟುವವರು ಸಿಕ್ಕಾಗ ಮೊದಲು ಕೇಳೋದು ಮೈಕ್ ಯಾವುದು ಅಂತ. ಮೈಕ್ ವಿಷಯ ಆಮೇಲೆ ಮಾತಾಡೋಣ ಅನ್ನುತ್ತೇನೆ. ಮೊದಲು ಹಾಡಿನಲ್ಲಿ ಯಾರು ಏನು ಮಾಡಿದ್ದಾರೆ ಅನ್ನುವುದನ್ನು ಹಾಡು ಹುಟ್ಟುವಾಗಲೇ ಬರೆದಿಡಿ.

ದಾಸರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕೊನೆಯ ಸಾಲಲ್ಲಿ ಪುರಂದರ ವಿಠಲ ಅಂತ ಬಂದರೆ ಸಾಕು, ಇಷ್ಟು ಶತಮಾನ ಕಳೆದರೂ ಯಾರ ಪದ ಅಂತ ಕೇಳಬೇಕಾಗಿಲ್ಲ. ಅವರ ಅಂಕಿತ ಹಾಡಿನ ಒಳಗೇ ಇತ್ತು. ನಮ್ಮದು ಹಾಡಿನ ಹೊರಗೆ, ಫೈಲಿನ ಜೊತೆ ಹೋಗುವ ಮಾಹಿತಿಯಲ್ಲಿ ಇರುತ್ತದೆ. ಅದನ್ನು ನಾವೇ ತುಂಬಬೇಕು, ಬೇರೆ ಯಾರೂ ತುಂಬುವುದಿಲ್ಲ.

ಮೊದಲು ಸಾಹಿತ್ಯ. ಕನ್ನಡದಲ್ಲಿ ಗಿಟಾರ್ ಹಿಡಿದ ತಕ್ಷಣ ಒಂದು ಭಾವಗೀತೆಗೆ ಹೊಸ ರಾಗ ಹಾಕಬೇಕು ಅನ್ನಿಸುತ್ತದೆ. ನನಗೂ ಬೇಂದ್ರೆಯವರ ಮೇಲೆ ಆಸೆ ಇತ್ತು. ಆದರೆ ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ಮೇಲೂ 60 ವರ್ಷ ಕಾಪಿರೈಟ್ ಇರುತ್ತದೆ. ಬೇಂದ್ರೆ ಹೋಗಿದ್ದು 1981ರಲ್ಲಿ. ಅಂದರೆ 2041 ಮುಗಿಯುವವರೆಗೆ ಅವರ ಕವಿತೆಗೆ ಹಕ್ಕುದಾರರ ಒಪ್ಪಿಗೆ ಬೇಕು. ಕುವೆಂಪು ಅವರ ಪದ್ಯಕ್ಕಾದರೆ 2054ರವರೆಗೆ. ಶಿಶುನಾಳ ಷರೀಫರು ಹೋಗಿದ್ದು 1889ರಲ್ಲಿ, ಅವರ ಪದಗಳನ್ನು ಈಗ ಯಾರು ಬೇಕಾದರೂ ಬಳಸಬಹುದು. ಅದಕ್ಕೆ ಬೇರೆಯವರು ಹಾಕಿದ ರಾಗ, ಮಾಡಿದ ರೆಕಾರ್ಡಿಂಗ್ ಮಾತ್ರ ಹಾಗಲ್ಲ, ಅದರ ಹಕ್ಕು ಬೇರೆಯೇ. ಇದೆಲ್ಲ ನೋಡಿ ಐದಕ್ಕೆ ಐದೂ ನನ್ನ ಸ್ವಂತ ಸಾಹಿತ್ಯವೇ ಇರಲಿ ಅಂತ ತೀರ್ಮಾನ ಮಾಡಿದೆ. ಅದರಿಂದ ಹಾಡುಗಳಿಗೂ ಒಳ್ಳೆಯದೇ ಆಯಿತು. ನಮ್ಮ ಬೀದಿ, ನಮ್ಮ ಮಾತು ಅದರೊಳಗೆ ಬಂತು.

ರೆಕಾರ್ಡಿಂಗ್. ಗಿಟಾರ್ ಎಲ್ಲ ಮನೆಯಲ್ಲೇ, ರಾತ್ರಿ ಹೊತ್ತು. ಹಗಲಲ್ಲಿ ಕುಕ್ಕರ್ ವಿಷಲ್, ಪಕ್ಕದ ಸೈಟಿನಲ್ಲಿ ಡ್ರಿಲ್, ತರಕಾರಿ ಗಾಡಿಯ ಮೈಕು. ಬಟ್ಟೆ ತುಂಬಿದ ಬೀರು ತೆರೆದಿಟ್ಟು ಅದರ ಮುಂದೆ ಕೂತರೆ ಕೋಣೆಯ ಗುಂಯ್‌ಗುಟ್ಟುವಿಕೆ ಅರ್ಧಕ್ಕರ್ಧ ಕಮ್ಮಿಯಾಗುತ್ತದೆ. ಕೇಬಲ್, ಸ್ಟ್ಯಾಂಡು ಎಸ್.ಪಿ. ರೋಡಿನಲ್ಲಿ ಸಿಕ್ಕವು. ದನಿ, ತಬಲಾ, ಕೊಳಲಿಗೆ ಮಾತ್ರ ಸ್ಟುಡಿಯೋ ಬಾಡಿಗೆಗೆ ಹಿಡಿದೆ. ದುಡ್ಡು ಕಮ್ಮಿ ಇದ್ದರೆ ಅದನ್ನು ದನಿಗೆ ಮತ್ತು ಮಿಕ್ಸಿಂಗ್‌ಗೆ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸಕ್ಕೆ) ಹಾಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಮಿಕ್ಸಿಂಗ್ ಮಾಡುವವರಿಗೆ ಕನ್ನಡ ಬರಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಎರಡನೇ ಹಾಡಿನ ಪಲ್ಲವಿಯಲ್ಲಿ ‘ಒಣಗಿದ ಸೀರೆಯ ಮೇಲೆ ಮಳೆ’ ಅಂತ ಒಂದು ಸಾಲಿದೆ. ರಫ್ ಮಿಕ್ಸ್ ಬಂದ ಮೇಲೆ ತಿಪಟೂರಿನಲ್ಲಿರುವ ಅಮ್ಮನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಅವರು ಕೇಳಿ, ‘ಮೇಲೆ ಮೇಲೆ ಅಂತ ಯಾಕೆ ಎರಡು ಸಲ ಬರುತ್ತೆ?’ ಅಂದರು. ವೇಗದ ಲಯದಲ್ಲಿ ‘ಳ’ಕಾರಕ್ಕೆ ನಾಲಿಗೆ ಹಿಂದಕ್ಕೆ ಮಡಚಿಕೊಳ್ಳಲು ಜಾಗವೇ ಇರಲಿಲ್ಲ. ಜೊತೆಗೆ ಅದೇ ಜಾಗದಲ್ಲಿ ತಬಲಾದ ಪೆಟ್ಟು ಬೀಳುತ್ತಿತ್ತು. ಲಯವನ್ನು ಸ್ವಲ್ಪ ಇಳಿಸಿ, ಆ ಪೆಟ್ಟನ್ನು ತೆಗೆದು, ‘ಮಳೆ’ಗೆ ಅರ್ಧ ಮಾತ್ರೆ ಜಾಸ್ತಿ ಕೊಟ್ಟು ಮತ್ತೆ ಹಾಡಿದೆ. ಆಗ ಮಳೆ ಬಂತು. ಭಾಷೆ ಗೊತ್ತಿದ್ದ ಮಿಕ್ಸಿಂಗ್ ಗೆಳೆಯ ತಾನಾಗಿಯೇ ಉಳಿದ ಹಾಡುಗಳಲ್ಲೂ ಇಂಥ ಜಾಗಗಳನ್ನು ಹುಡುಕಿ ಬಿಡಿಸಿಕೊಟ್ಟ. ಸದ್ದು ಜಾಸ್ತಿ ಮಾಡುವ ಆಸೆಯನ್ನೂ ಬಿಟ್ಟೆವು. ಸ್ಪಾಟಿಫೈ ಹೇಗೂ ಹಾಡುಗಳನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾನ) ಮಟ್ಟಕ್ಕೆ ತಂದೇ ಕೇಳಿಸುತ್ತದೆ. ಸುಮ್ನೆ ಅಮುಕಿ ಜೋರು ಮಾಡಿದರೆ ತಬಲಾದ ಜೀವ ಹೋಗುತ್ತದೆ, ಅಷ್ಟೇ.

ಈಗ ಯಾರು ಏನು ಮಾಡಿದರು ಅಂತ ಬರೆದಿಡುವ ಹಾಳೆಯ ವಿಷಯ. ಸ್ಟುಡಿಯೋ ಕೆಲಸ ಮುಗಿದ ದಿನ ಎಲ್ಲರೂ ಗಾಂಧಿ ಬಜಾರಿನ ಹತ್ತಿರ ಹೋಟೆಲಿನಲ್ಲಿ ಕೂತೆವು. ಒಂದೊಂದು ಹಾಡಿಗೆ ಒಂದೊಂದು ಹಾಳೆ. ಸಾಹಿತ್ಯ ಯಾರದು, ರಾಗ ಯಾರದು, ಯಾರು ಏನು ನುಡಿಸಿದರು, ರೆಕಾರ್ಡಿಂಗ್‌ನಿಂದ ಬರುವ ದುಡ್ಡಿನಲ್ಲಿ ಯಾರಿಗೆ ಶೇಕಡಾ ಎಷ್ಟು, ಕೆಳಗೆ ಸಹಿ. ತಬಲಾ ಗೆಳೆಯ ನೋಡಿ, ‘ಏ, ನಮ್ಮ ನಮ್ಮಲ್ಲಿ ಪೇಪರ್ ಯಾಕೋ ಮಾರಾಯ?’ ಅಂದ. ‘ನಮ್ಮ ನಮ್ಮಲ್ಲಿ ಚೆನ್ನಾಗಿರುವಾಗಲೇ ಬರೆಯಬೇಕು ಕಣೋ, ಜಗಳ ಆದ ಮೇಲೆ ಯಾರು ಬರೀತಾರೆ?’ ಅಂದೆ.

ಕೊಳಲು ನುಡಿಸಿದ ಹಿರಿಯರ ಹಾಳೆಯಲ್ಲಿ ಬೇರೆ ಒಂದು ವಿಷಯ ಇತ್ತು. ನಾಲ್ಕನೇ ಹಾಡಿನಲ್ಲಿ ಪಲ್ಲವಿ ಮತ್ತು ಚರಣದ ನಡುವಿನ ಬಿಟ್, ಅಂದರೆ ಬರೀ ವಾದ್ಯದ ತುಣುಕು, ನಾನು ಹೇಳಿಕೊಟ್ಟಿದ್ದಲ್ಲ, ಅವರೇ ಅಲ್ಲೇ ಕಟ್ಟಿದ್ದು. ಹಾಡು ಕೇಳಿದವರು ಗುನುಗುವುದು ಅದನ್ನೇ. ಹಾಗಾಗಿ ವಾದಕರ ಸಾಲಿನಲ್ಲಿ ಅಷ್ಟೇ ಅಲ್ಲ, ರಾಗ ಸಂಯೋಜನೆಯ ಸಾಲಿನಲ್ಲೂ ಅವರ ಹೆಸರು ಬರೆದು ಪಾಲು ಹಾಕಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ‘ಇಷ್ಟು ವರ್ಷದಿಂದ ಬಿಟ್ ನುಡಿಸ್ತಾ ಇದೀನಿ, ಹೆಸರು ಈ ಸಾಲಲ್ಲಿ ನೋಡಿದ್ದು ಇದೇ ಮೊದಲು’ ಅಂದರು. ಅವರ ಸಹಿಗೆ ಮುಂಚೆ ಬಿಲ್ ತರಬೇಡಿ ಅಂತ ಸಪ್ಲೈಯರ್‌ಗೆ ಹೇಳಿದೆ. ಆತುರ ಆಗಬಾರದಿತ್ತು.

ಒಂದು ಆಡಿಯೋ ಕಂಪನಿ ಒಂದೇ ಸಲ ದುಡ್ಡು ಕೊಟ್ಟು ಎಲ್ಲ ಹಕ್ಕು ತೆಗೆದುಕೊಳ್ಳುತ್ತೇವೆ ಅಂತ ಕೇಳಿತ್ತು. ನಾನು ಒಪ್ಪಲಿಲ್ಲ. ನೀವು ಒಪ್ಪುವ ಹಾಗಿದ್ದರೂ ಇಷ್ಟು ತಿಳಿದಿರಿ: ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದ ಮೇಲೆ, ಹಾಡು ಬರೆದವರು ಮತ್ತು ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲಿನ ಹಕ್ಕನ್ನು ಕಂಪನಿಗೆ ಬರೆದುಕೊಡಲು ಬರುವುದಿಲ್ಲ. ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಆ ಸೊಸೈಟಿ ಅಂದರೆ ಹಾಡು ಬರೆದವರ, ರಾಗ ಹಾಕಿದವರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ), 1969ರಿಂದ ಇದೆ. ನಾನೂ ಕೊಳಲಿನವರೂ ಸದಸ್ಯರಾದೆವು, ಹಾಡುಗಳನ್ನು ಅಲ್ಲಿ ದಾಖಲಿಸಿದೆವು. ಹೋಟೆಲಿನಲ್ಲಿ ಬರೆದ ಹಾಳೆ ಇದ್ದಿದ್ದರಿಂದ ಅರ್ಜಿ ತುಂಬುವುದು ಸಲೀಸಾಯಿತು.

ಆಮೇಲೆ ಡಿಸ್ಟ್ರಿಬ್ಯೂಟರ್. ಹಾಡನ್ನು ಸ್ಪಾಟಿಫೈ, ಆಪಲ್ ಮ್ಯೂಸಿಕ್, ಯೂಟ್ಯೂಬ್ ಮ್ಯೂಸಿಕ್‌ಗೆಲ್ಲ ಒಟ್ಟಿಗೆ ಕಳಿಸುವವರು ಇವರು. ವರ್ಷಕ್ಕಿಷ್ಟು ಅಂತ ಕಟ್ಟಿಸಿಕೊಳ್ಳುವವರು ಇದ್ದಾರೆ, ಬಂದಿದ್ದರಲ್ಲಿ ಪಾಲು ಹಿಡಿಯುವವರೂ ಇದ್ದಾರೆ. ಅವರಿಗೆ ಕೊಡಬೇಕಾದ್ದು ಡಬ್ಲ್ಯುಎವಿ (ಗುಣಮಟ್ಟ ಕುಗ್ಗಿಸದ ಆಡಿಯೋ) ಫೈಲು, 3000 ಪಿಕ್ಸೆಲ್ ಉದ್ದಗಲದ ಚೌಕ ಚಿತ್ರ, ಭಾಷೆಯ ಜಾಗದಲ್ಲಿ ಕನ್ನಡ. ಪ್ರತಿ ರೆಕಾರ್ಡಿಂಗ್‌ಗೂ ಐಎಸ್‌ಆರ್‌ಸಿ ಅನ್ನುವ 12 ಅಕ್ಷರ-ಅಂಕಿಗಳ ಗುರುತು ಸಿಗುತ್ತದೆ. ಅದನ್ನೂ ಹಾಳೆಯ ಮೇಲೆ ಬರೆದುಕೊಳ್ಳಿ. ನಾಳೆ ಡಿಸ್ಟ್ರಿಬ್ಯೂಟರ್ ಬದಲಾಯಿಸಿದರೆ ಅದೇ ಗುರುತು ಬಳಸಬೇಕು, ಆಗ ಎಷ್ಟು ಸಲ ಕೇಳಿದರು ಅನ್ನುವ ಹಳೆಯ ಲೆಕ್ಕ ಮುಂದುವರಿಯುತ್ತದೆ. ನಿಮ್ಮ ಹೆಸರಿನ ಇಂಗ್ಲಿಷ್ ಕಾಗುಣಿತ ಎಲ್ಲ ಕಡೆ ಒಂದೇ ಇರಲಿ. ಸ್ಪಾಟಿಫೈನಲ್ಲಿ ಹಾಡು ಬರುವ 7 ದಿನ ಮುಂಚೆಯಾದರೂ ಹಾಡಿನ ಪಟ್ಟಿ ಮಾಡುವ ಅವರ ಸಂಪಾದಕರಿಗೆ ಮನವಿ ಹಾಕಿದರೆ, ನಿಮ್ಮನ್ನು ಫಾಲೋ ಮಾಡುವವರ ಹೊಸ ಹಾಡಿನ ಪಟ್ಟಿಗೆ ಅದು ಹೋಗುತ್ತದೆ. ನಾನು ತಿಂಗಳು ಮುಂಚೆಯೇ ಹಾಕಿದ್ದೆ.

ಯಾವಾಗ ಬಿಡುವುದು? ಜಗತ್ತಿಗೆಲ್ಲ ಶುಕ್ರವಾರ. ಸರಿ, ಶುಕ್ರವಾರವೇ ಇರಲಿ. ಆದರೆ ಬೆಂಗಳೂರಿನಲ್ಲಿ ಕನ್ನಡ ಹಾಡುಗಾರರಿಗೆ ಮುಖ್ಯವಾದ ಲೆಕ್ಕ ನವೆಂಬರ್. ಇಡೀ ತಿಂಗಳು ಅಪಾರ್ಟ್‌ಮೆಂಟು, ಐಟಿ ಕಂಪನಿಗಳ ಕನ್ನಡ ಬಳಗ, ಕಾಲೇಜು, ಬಡಾವಣೆ ಸಂಘ ಎಲ್ಲ ಕಡೆ ರಾಜ್ಯೋತ್ಸವ. ಅವರು ಹಾಡುಗಾರರನ್ನು ಹುಡುಕುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಾಗಾಗಿ ಆಗಸ್ಟ್‌ನಿಂದ ಒಂದೊಂದೇ ಹಾಡು ಬಿಟ್ಟೆ. ಕೇಳಿದವರಿಗೆ ಕಳಿಸಲು ಕೈಯಲ್ಲಿ ಹಾಡಿತ್ತು.

ದುಡ್ಡಿನ ಮಾತು ನೇರವಾಗಿ ಹೇಳುತ್ತೇನೆ. 2024ರಿಂದ ಸ್ಪಾಟಿಫೈ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಕೊಡುವುದಿಲ್ಲ. ಅದನ್ನು ದಾಟಿದರೂ ಅದೊಂದರಿಂದ ಬೆಂಗಳೂರಿನ ಮನೆ ಬಾಡಿಗೆ ಹುಟ್ಟುವುದಿಲ್ಲ. ನಮಗೆ ಖರ್ಚು ವಾಪಸ್ ಬಂದಿದ್ದು ವೇದಿಕೆಯಿಂದ. ಕರೆಯುವವರು ಖಂಡಿತ ಕೇಳುತ್ತಾರೆ, ‘ಸಿನಿಮಾ ಹಾಡು ಹಾಡ್ತೀರಾ ಅಲ್ವಾ?’ ಅಂತ. ಹಾಡುತ್ತೇವೆ, ಎರಡು. ಉಳಿದಿದ್ದು ನಮ್ಮದೇ ಅಂತ ಫೋನಿನಲ್ಲೇ ಮಾತಾಡಿಕೊಳ್ಳುತ್ತೇನೆ. ಎರಡು ವಾರ ಮುಂಚೆ ಹಾಡಿನ ಲಿಂಕು ಮತ್ತು ಪಲ್ಲವಿಯ ಸಾಹಿತ್ಯ ಕಳಿಸಿ, ಅವರ ವಾಟ್ಸಾಪ್ ಗುಂಪಿನಲ್ಲಿ ಹಾಕಿಸುತ್ತೇನೆ. ನಿರೂಪಣೆ ಮಾಡುವವರ ಕೈಗೆ ನಮ್ಮ ಎಲ್ಲರ ಹೆಸರಿರುವ ಚೀಟಿ ಕೊಡುತ್ತೇನೆ. ಧ್ವನಿವರ್ಧಕಕ್ಕೆ ರಾತ್ರಿ 10ರ ಗಡುವು ಇರುವುದರಿಂದ ನಮ್ಮ ಸರದಿ 8ರ ಒಳಗೇ ಬರಲಿ ಅಂತಲೂ ಕೇಳಿಕೊಳ್ಳುತ್ತೇನೆ, ಇಲ್ಲದಿದ್ದರೆ ಭಾಷಣಗಳು ಮುಗಿದು ನಮಗೆ ಒಂದೇ ಹಾಡಿನ ಸಮಯ ಉಳಿಯುತ್ತದೆ.