ಬಿಭಾ ತಾರೆಯನ್ನು ಹುಡುಕಿಕೊಂಡು

ಮಕ್ಕಳ ಹುಟ್ಟುಹಬ್ಬ ಹತ್ತಿರ ಬಂದಾಗ ಪರಿಚಿತರು ಫೋನ್ ಮಾಡಿ ಕೇಳುವುದುಂಟು: ‘ನಕ್ಷತ್ರಕ್ಕೆ ಮಗಳ ಹೆಸರು ಇಡಿಸಬೇಕು, ಯಾವ ಕಂಪನಿ ಒಳ್ಳೆಯದು?’ ಯಾವುದೂ ಬೇಡ ಎನ್ನುತ್ತೇನೆ. ದುಡ್ಡು ಕೊಟ್ಟವರ ಕೈಗೆ ಬರುವುದು ಒಂದು ಪ್ರಮಾಣಪತ್ರ ಮಾತ್ರ. ಅದರಲ್ಲಿರುವ ಹೆಸರನ್ನು ಯಾವ ಖಗೋಳ ವಿಜ್ಞಾನಿಯೂ ಬಳಸುವುದಿಲ್ಲ. ತಾರೆಗಳ ಹೆಸರಿಗೆ ಅಧಿಕೃತ ಒಪ್ಪಿಗೆ ಕೊಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ. ಅದು ಹೆಸರು ಮಾರುವುದಿಲ್ಲ.

ಹಾಗೆ ಕೇಳಿದವರಿಗೆಲ್ಲ ನಾನು ಬಿಭಾ ತಾರೆಯ ಸಂಗತಿ ಹೇಳುತ್ತೇನೆ. ಒಕ್ಕೂಟಕ್ಕೆ ನೂರು ವರ್ಷ ತುಂಬಿದ 2019ರಲ್ಲಿ ಒಂದೊಂದು ದೇಶಕ್ಕೂ ಗ್ರಹವಿರುವ ಒಂದೊಂದು ತಾರೆಯನ್ನು ವಹಿಸಿ, ಜನರಿಂದಲೇ ಹೆಸರು ಕೇಳಲಾಯಿತು. ಭಾರತದ ಪಾಲಿಗೆ ಬಂದದ್ದು ತಾರೆಗಳ ಪಟ್ಟಿಯೊಂದರಲ್ಲಿ ಎಚ್‌ಡಿ 86081 ಎಂಬ ಸಂಖ್ಯೆ ಹೊತ್ತ ತಾರೆ. ತಾರೆಗೆ ಬಿಭಾ, ಅದರ ಗ್ರಹಕ್ಕೆ ಸಂತಮಸ ಎಂಬ ಹೆಸರುಗಳು ಆಯ್ಕೆಯಾದವು. ಡಿಸೆಂಬರ್‌ನಲ್ಲಿ ಪ್ರಕಟಣೆ ಓದಿದಾಗಲೇ ಇದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಆಯಾ ದೇಶದಿಂದ ಸಣ್ಣ ದೂರದರ್ಶಕದಲ್ಲಿ ಕಾಣುವಂಥ ತಾರೆಗಳನ್ನೇ ಆರಿಸಿದ್ದರು ಎಂಬುದು ನನಗೆ ಧೈರ್ಯ ಕೊಟ್ಟಿತು.

ಬಿಭಾ ಇರುವುದು ಸೆಕ್ಸ್‌ಟನ್ಸ್ ಎಂಬ ಮಂಕು ನಕ್ಷತ್ರಪುಂಜದಲ್ಲಿ. ಹದಿನೇಳನೆಯ ಶತಮಾನದಲ್ಲಿ ಪೋಲೆಂಡಿನ ಹೆವೀಲಿಯಸ್ ತನ್ನ ಕೋನಮಾಪಕದ ನೆನಪಿಗೆ ಕಲ್ಪಿಸಿದ ಪುಂಜ ಅದು. ಪೇಟೆಯ ಬೆಳಕಿನಲ್ಲಿ ಅಲ್ಲಿ ಏನೂ ಕಾಣದು. ಹಾಗಾಗಿ ಮಾರ್ಚ್ ತಿಂಗಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಆರು ಇಂಚಿನ ದೂರದರ್ಶಕ ಹೊತ್ತುಕೊಂಡು ಊರಿನ ಹೊಲಕ್ಕೆ ಹೋದೆ. ಆ ಕಾಲದಲ್ಲಿ ರಾತ್ರಿ ಹತ್ತರ ಸುಮಾರಿಗೆ ಈ ಭಾಗ ನಮ್ಮ ನೆತ್ತಿಯಿಂದ ತುಸು ದಕ್ಷಿಣಕ್ಕೆ ಇರುತ್ತದೆ.

ಹುಡುಕುವ ಕ್ರಮ ಹೀಗೆ. ಮೊದಲು ಸಿಂಹ ರಾಶಿಯ ಮಘಾ. ಅಲ್ಲಿಂದ ದಕ್ಷಿಣಕ್ಕೆ, ತುಸು ಪಶ್ಚಿಮಕ್ಕೆ ವಾಲಿ ಬಂದರೆ ಹೈಡ್ರಾ ಪುಂಜದ ಕೆಂಪು ಛಾಯೆಯ ಆಲ್ಫಾರ್ಡ್. ಮಘಾದಿಂದ ನೇರ ದಕ್ಷಿಣಕ್ಕೆ ಹನ್ನೆರಡು ಡಿಗ್ರಿ ಇಳಿದರೆ ಸೆಕ್ಸ್‌ಟನ್ಸ್‌ನ ಆಲ್ಫಾ ಎಂಬ ತಾರೆ ಸಿಗುತ್ತದೆ. ಕತ್ತಲು ಚೆನ್ನಾಗಿದ್ದರೆ ಬರಿಗಣ್ಣಿಗೇ ಕಾಣುತ್ತದೆ. ಇನ್ನೂ ಎಂಟು ಡಿಗ್ರಿ ದಕ್ಷಿಣಕ್ಕೆ, ಆಲ್ಫಾರ್ಡ್‌ನ ಕಡೆಗೆ ಸರಿದಂತೆ, ಗ್ಯಾಮಾ ಇದೆ. ಅದಕ್ಕೆ ಬೈನಾಕ್ಯುಲರ್ ಹಿಡಿಯುವುದೇ ಲೇಸು. ಆಲ್ಫಾ, ಗ್ಯಾಮಾಗಳ ನಡುವೆ ಗೆರೆ ಎಳೆದರೆ ಅದರ ಮಧ್ಯದಿಂದ ಸುಮಾರು ಒಂದು ಡಿಗ್ರಿ ಪಶ್ಚಿಮಕ್ಕೆ ಬಿಭಾ.

ಆ ಒಂದು ಡಿಗ್ರಿಯನ್ನು ದಾಟುವುದೇ ನಿಜವಾದ ಕೆಲಸ. ನನ್ನ ದೂರದರ್ಶಕದಲ್ಲಿ ಬಿಂಬ ತಲೆಕೆಳಗಾಗಿರುತ್ತದೆ. ಯಾವುದು ಪಶ್ಚಿಮ ಎಂದು ತಿಳಿಯಲು ನಾನು ಕೊಳವೆಯನ್ನು ಮುಟ್ಟದೆ ಸುಮ್ಮನೆ ಬಿಡುತ್ತೇನೆ. ಭೂಮಿ ತಿರುಗುವುದರಿಂದ ತಾರೆಗಳು ನೋಟದಿಂದ ಜಾರುತ್ತ ಹೋಗುತ್ತವೆ. ಅವು ಜಾರುವ ಅಂಚೇ ಪಶ್ಚಿಮ. ಈ ಭಾಗದಲ್ಲಿ ಒಂದು ಡಿಗ್ರಿ ಜಾರಲು ನಾಲ್ಕು ನಿಮಿಷ ಬೇಕು. ಕಡಿಮೆ ವರ್ಧನೆಯ ಕಣ್ಣಮಸೂರ ಹಾಕಿಕೊಂಡು, ಮುದ್ರಿಸಿ ತಂದ ನಕ್ಷೆಯನ್ನೂ ತಲೆಕೆಳಗು ಮಾಡಿ ಕೆಂಪು ಟಾರ್ಚಿನ ಬೆಳಕಿನಲ್ಲಿ ಹಿಡಿದು, ನೋಟದಲ್ಲಿರುವ ಚುಕ್ಕಿಗಳನ್ನು ಒಂದೊಂದಾಗಿ ಹೊಂದಿಸುತ್ತ ಹೋದೆ. ಕಾಂತಿಮಾನ (ಅಂಕಿ ದೊಡ್ಡದಾದಷ್ಟೂ ತಾರೆ ಮಂಕು) 8.7ರ ಒಂದು ಚುಕ್ಕಿ ತನ್ನ ಜಾಗದಲ್ಲಿ ಸರಿಯಾಗಿ ಕೂತಿತು. ಸುತ್ತಲಿನವುಗಳಿಗಿಂತ ಅದರಲ್ಲಿ ಹೆಚ್ಚುಗಾರಿಕೆ ಏನೂ ಕಾಣುವುದಿಲ್ಲ. ಆದರೂ ಬಹಳ ಹೊತ್ತು ಕಣ್ಣು ಕೀಳಲಾಗಲಿಲ್ಲ. ಆ ಬೆಳಕು ಹೊರಟು ಸುಮಾರು 340 ವರ್ಷವಾಗಿದೆ: ಹೆವೀಲಿಯಸ್ ತನ್ನ ನಕ್ಷೆ ಬರೆಯುತ್ತಿದ್ದ, ಮೈಸೂರನ್ನು ಚಿಕ್ಕದೇವರಾಜ ಒಡೆಯರು ಆಳುತ್ತಿದ್ದ ಕಾಲ.

ಸಂತಮಸ ನಮ್ಮ ಕಣ್ಣಿಗೆ ಬೀಳುವ ಮಾತೇ ಇಲ್ಲ. ತಾರೆ ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ನಮ್ಮತ್ತ ಬಂದು, ಮತ್ತೆ ಅತ್ತ ಸರಿಯುವುದನ್ನು ಅದರ ರೋಹಿತದಲ್ಲಿ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ, ಅಳೆದು ವಿಜ್ಞಾನಿಗಳು ಆ ಗ್ರಹವನ್ನು 2006ರಲ್ಲಿ ಪ್ರಕಟಿಸಿದರು. ಗುರುವಿನ ಒಂದೂವರೆ ಪಟ್ಟು ತೂಗುವ ಗ್ರಹ ಕೇವಲ ಎರಡು ದಿನ ಮೂರೂಕಾಲು ಗಂಟೆಯಲ್ಲಿ ತನ್ನ ಸೂರ್ಯನನ್ನು ಸುತ್ತಿ ಬರುತ್ತದೆ. ಅಲ್ಲಿಯ ವರ್ಷವೇ ಅಷ್ಟು.

ತಾರೆಯನ್ನು ಕಂಡ ಮೇಲೆ, ಯಾರ ಹೆಸರನ್ನು ಅದಕ್ಕೆ ಇಟ್ಟರೋ ಆ ಬಿಭಾ ಚೌಧುರಿ ಯಾರು ಎಂದು ಓದತೊಡಗಿದೆ. 1913ರಲ್ಲಿ ಹುಟ್ಟಿದ ಈ ಭೌತವಿಜ್ಞಾನಿ ಕಲ್ಕತ್ತದಲ್ಲಿ ಡಿ.ಎಂ. ಬೋಸ್ ಅವರೊಡನೆ ದುಡಿದವರು. ಡಾರ್ಜಿಲಿಂಗ್ ಕಡೆಯ ಎತ್ತರದ ಬೆಟ್ಟಗಳಲ್ಲಿ ಛಾಯಾಫಲಕಗಳನ್ನು ಇಟ್ಟು, ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಅವುಗಳ ಮೇಲೆ ಬಿಟ್ಟ ಜಾಡುಗಳಲ್ಲಿ ಮೆಸಾನ್ ಎಂಬ ಅತಿಸೂಕ್ಷ್ಮ ಕಣಗಳ ಗುರುತು ಹಿಡಿದರು. ಎರಡನೆಯ ಮಹಾಯುದ್ಧದ ದಿನಗಳು, ಇನ್ನೂ ಸೂಕ್ಷ್ಮವಾದ ಫಲಕಗಳು ಸಿಗದೆ ಕೆಲಸ ಅಲ್ಲಿಗೇ ನಿಂತಿತು. ಅದೇ ವಿಧಾನವನ್ನು ಉತ್ತಮ ಫಲಕಗಳೊಡನೆ ಮುಂದುವರಿಸಿದ ಬ್ರಿಟನ್ನಿನ ಸೆಸಿಲ್ ಪವೆಲ್ ಅವರಿಗೆ 1950ರಲ್ಲಿ ನೊಬೆಲ್ ಬಂತು. ಬಿಭಾ ಅವರು ಮುಂದೆ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನಡೆದ ವಿಶ್ವಕಿರಣ ಪ್ರಯೋಗಗಳಲ್ಲೂ ತೊಡಗಿಕೊಂಡಿದ್ದರು. ಇದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಕೋಲಾರದ ಗಣಿ ಎಂದರೆ ಚಿನ್ನದ ಲೆಕ್ಕ ಹೇಳುತ್ತ ಬೆಳೆದ ನಮಗೆ ಯಾರೂ ಈ ಹೆಣ್ಣುಮಗಳ ಹೆಸರು ಹೇಳಿರಲಿಲ್ಲ. 1991ರಲ್ಲಿ ಅವರು ತೀರಿಕೊಂಡರು. ತಾರೆಗೆ ಹೆಸರು ಬಂದದ್ದು ಅದಾಗಿ 28 ವರ್ಷಕ್ಕೆ.

ಈಗ ಮಗುವಿನ ಹೆಸರಲ್ಲಿ ನಕ್ಷತ್ರ ಕೊಳ್ಳಲು ಹೊರಟವರನ್ನು ಸಾಧ್ಯವಾದರೆ ಮಾರ್ಚ್‌ನಲ್ಲಿ ಹೊಲಕ್ಕೆ ಕರೆಯುತ್ತೇನೆ. ಅಲ್ಲಿಯವರೆಗೆ ಕಾಯಲಾರದವರಿಗೆ ನವೆಂಬರ್‌ನಲ್ಲಿ ರೇವತಿ ಇದೆ. ಪಂಚಾಂಗದ ಈ ಹೆಸರೂ ಈಗ ಒಕ್ಕೂಟದ ಪಟ್ಟಿಯಲ್ಲಿ ಮೀನ ರಾಶಿಯ ಝೀಟಾ ತಾರೆಯ ಹೆಸರಾಗಿ ಸೇರಿದೆ. ಬರಿಗಣ್ಣಿಗೆ ಒಂದಾಗಿ ಕಾಣುವ ಆ ಚುಕ್ಕಿ ಸಣ್ಣ ದೂರದರ್ಶಕದಲ್ಲಿ ಎರಡಾಗಿ ಒಡೆಯುತ್ತದೆ. ಮಕ್ಕಳು ಅದನ್ನು ತಾವೇ ಕಂಡುಹಿಡಿಯಲಿ ಎಂದು ನಾನು ಮೊದಲೇ ಹೇಳುವುದಿಲ್ಲ.